ಹೊಸ ಬೋಟಿನ ಮೊದಲ ಫುಲ್ ಸ್ಪೀಡ್

"ಈಗ ಪೂರ್ತಿ ಬಿಡು, ಒಂದು ನಿಮಿಷ" ಎಂದು ನಾನು ವಾಚ್ ನೋಡಿ ಹೇಳಿದೆ. ಬೋಟು ಮೂತಿ ಎತ್ತಿ ನುಗ್ಗಿತು. ಎದುರಿಗೆ ದೂರದಲ್ಲಿ ಬಲೆ ಬಿಡುತ್ತಿದ್ದ ಹೆಂಗಸೊಬ್ಬಳು ತೆಪ್ಪದಲ್ಲಿ ಎದ್ದು ನಿಂತು ಎರಡೂ ಕೈ ಬೀಸತೊಡಗಿದಳು.

ನರಸಿಂಹರಾಜಪುರದ ಹಿನ್ನೀರಿನಲ್ಲಿ ನನ್ನ ತಂಗಿಯ ಮಗ ಸುಧೀರನ ಹೊಸ ಸ್ಪೀಡ್ ಬೋಟಿನ ಎಂಜಿನ್ ಪಳಗಿಸುತ್ತಿದ್ದೆವು. ಮೊದಲ ಗಂಟೆ ನಿಧಾನ, ಎರಡನೆಯ ಗಂಟೆಯಲ್ಲಿ ಆಗಾಗ ಒಂದು ನಿಮಿಷ ಪೂರ್ತಿ ವೇಗ ಎಂದು ಕೈಪಿಡಿಯಲ್ಲಿತ್ತು. ಬೋಟು ನಡೆಸುತ್ತಿದ್ದವನು ಅವನು; ಸಮಯ ನೋಡುವ ಹೊಣೆಯನ್ನು ನಾನೇ ಕೇಳಿ ಪಡೆದಿದ್ದೆ.

"ಮಾವ, ಅವ್ರು ಎಂತದೋ ಹೇಳ್ತಿದಾರೆ" ಎಂದ ಸುಧೀರ.

"ಟಾಟಾ ಮಾಡ್ತಿದಾಳೆ ಮಾರಾಯ. ನಿಲ್ಲಿಸ್ಬೇಡ, ಇನ್ನೂ ನಲವತ್ತು ಸೆಕೆಂಡ್ ಇದೆ!"

ಅವನು ಎಂಜಿನ್ ಆಫ್ ಮಾಡಿಬಿಟ್ಟ. ಬೈಯಲು ಬಾಯಿ ತೆರೆದವನು ಮುಂದಕ್ಕೆ ಬಗ್ಗಿ ನೋಡಿದೆ. ಬೋಟು ತೇಲುತ್ತ ಬಂದು ನಿಂತಲ್ಲಿಂದ ಒಂದೇ ಮಾರು ಮುಂದೆ, ನೀರಿನ ಮಟ್ಟದಿಂದ ಗೇಣು ಕೆಳಗೆ, ಬಂಡಿ ಚಕ್ರದಷ್ಟು ಅಗಲದ ಕರಿ ಮರದ ಬೊಡ್ಡೆ.

"ಡ್ಯಾಮ್ ಕಟ್ಟೋವಾಗ ಕಡಿದ ಮರ ಅಯ್ಯಾ. ಬೇಸಿಗೇಲಿ ನೀರು ಇಳಿದ್ರೆ ಇಲ್ಲೆಲ್ಲ ಇವೇ. ಬೋಟು ನೀರಿಗೆ ಇಳಿಸೋ ಮುಂಚೆ ಒಂದ್ಮಾತು ನಮ್ಮನ್ನ ಕೇಳೋದಲ್ವಾ?" ಎಂದಳು ಆಕೆ, ತೆಪ್ಪವನ್ನು ಹತ್ತಿರ ತಂದು.

ಚಿಕ್ಕಂದಿನಿಂದ ಸುಧೀರ ನನ್ನ ಮಾತು ಮೀರಿದವನಲ್ಲ. ಅವನನ್ನು ಹಾಗೆ ಬೆಳೆಸಿದವನೂ ನಾನೇ. ಆ ದಿನವೂ ಅವನು ಮೀರದೇ ಹೋಗಿದ್ದರೆ ಇಬ್ಬರೂ ಆ ಬೊಡ್ಡೆಗೆ ಬಲಿಯಾಗುತ್ತಿದ್ದೆವು.