ಬೀರುವಿನ ಮೇಲಿನ ಸರ್ವರ್

ತಮಿಳುನಾಡಿನ ಕರುಮತ್ತಂಪಟ್ಟಿಯ ನಮ್ಮ ಮನೆಯಲ್ಲಿ ಬೀರುವಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇದೆ. ಅದೇ ಸರ್ವರ್. ನಮ್ಮ ಕುಟುಂಬದವರಿಗೆ ಮಾತ್ರ ಸೇರಿದ ಸೋಷಿಯಲ್ ಮೀಡಿಯಾ ಅದರಲ್ಲಿ ನಡೆಯುತ್ತದೆ. ಮನೆಯ ಮಾತನ್ನು ಊರವರ ಅಂಗಡಿಯಲ್ಲಿ ಯಾಕಿಡಬೇಕು ಎಂದು ಹಟ ಹಿಡಿದು ಕಟ್ಟಿದವಳು ನಾನೇ. ಕೆಟ್ಟಾಗ ಬೈಸಿಕೊಳ್ಳುವವಳೂ ನಾನೇ.

ನಾನು ಕರ್ನಾಟಕದಿಂದ ಮದುವೆಯಾಗಿ ಬಂದವಳು; ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲಿಯವರು. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. ಹಾಗಾಗಿ ಸರ್ವರಿನಲ್ಲಿ ಯಾರೂ ಬರೆಯುವುದಿಲ್ಲ. ಗುಂಡಿ ಒತ್ತಿ ಮಾತಾಡಿ ಹಾಕುತ್ತಾರೆ. ಹೊಸ ಮಾತು ಮೇಲೆ, ಹಳೆಯದು ಕೆಳಗೆ. ಎಲ್ಲಕ್ಕಿಂತ ಕೆಳಗಿರುವುದು ಅತ್ತೆಯ ತಾಯಿ, ಈಗಿಲ್ಲದ ಅಜ್ಜಿಯ ದನಿ. ಸರ್ವರ್ ಶುರುವಾದ ದಿನ ಅವರು, “ಇದರೊಳಗೆ ಯಾರವ್ವಾ ಕೂತವ್ರೆ?” ಎಂದು ಕೇಳಿದ್ದರು.

ಅತ್ತೆಗೂ ಕಾರಮಡೈಯಲ್ಲಿರುವ ಅವರ ತಂಗಿ, ನಮ್ಮ ಚಿಕ್ಕತ್ತೆಗೂ ಮಾತು ನಿಂತಿತ್ತು. ಕಾರಣ ಅಜ್ಜಿಯ ರುಬ್ಬುಕಲ್ಲು. ಅದು ಚಿಕ್ಕತ್ತೆಯ ಮನೆಯಲ್ಲಿತ್ತು, ಅತ್ತೆಗೆ ಬೇಕಿತ್ತು. ಎರಡು ಮನೆಯಲ್ಲೂ ಕರೆಂಟಿನ ಗ್ರೈಂಡರ್ ಇದೆ, ಕಲ್ಲಿನಲ್ಲಿ ಯಾರೂ ರುಬ್ಬುವುದಿಲ್ಲ. ಅದನ್ನು ಎತ್ತಿ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಯಿತು. ತಂಗಿ ಜೊತೆಗಿರಬೇಕು ಎಂದು ಆಸೆ, ಫೋನ್ ಮಾಡಿದರೆ ಸೋತಂತೆ. ಆದ್ದರಿಂದ ಸರ್ವರಿನಲ್ಲಿ ಹೇಳಿದರು: “ಕಲ್ಲು ನೀನೇ ಮಡಿಕ್ಕೊ. ನಂಗೆ ಕಣ್ಣು ಆಪರೇಷನ್. ನೀ ಬಾ.” ಬಳಿಕ ನನ್ನತ್ತ ತಿರುಗಿ, “ಅವಳು ಬರದೆ ನಾ ಆಸ್ಪತ್ರೆಗೆ ಓಗಲ್ಲ” ಎಂದರು.

ಉತ್ತರ ಬರಲಿಲ್ಲ. ದಿನವೂ ಬೆಳಗ್ಗೆ ಕಾಫಿಯ ಜೊತೆ ಒಂದೇ ಪ್ರಶ್ನೆ: “ಪದಿಲು ಬಂತಾ?” ಉತ್ತರ ಹಾಗಿರಲಿ, ಅತ್ತೆಯ ಮಾತೇ ಪರದೆಯಲ್ಲಿ ಕಾಣುತ್ತಿರಲಿಲ್ಲ. ಯಾರು ಏನು ಹಾಕಿದರೂ ‘ಹಾಕಲಾಗಿದೆ’ ಎಂದು ತೋರಿಸಿ ಸರ್ವರ್ ಸುಮ್ಮನಾಗುತ್ತಿತ್ತು. ಉಳಿದ ನೆಂಟರು ನನ್ನನ್ನು ಒಂದಷ್ಟು ಬೈದು ಫೋನಿಗೆ ಮರಳಿದರು.

ನಾನು ಹುಡುಕಲು ಕೂತೆ. ಡಿಸ್ಕ್ ತುಂಬಿದೆಯೇ ಎಂದು ನೋಡಿದೆ, ಅರ್ಧ ಖಾಲಿ. ಕೇಬಲ್ ಬದಲಿಸಿದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಮೊದಲಿನಷ್ಟೇ ಚೆನ್ನಾಗಿ ಕೆಟ್ಟಿತ್ತು. ಸರ್ವರ್ ತನ್ನ ತಪ್ಪುಗಳನ್ನು ತಾನೇ ಬರೆದಿಡುವ ಲಾಗ್‌ನಲ್ಲಿ ಆ ವಾರದ ತಪ್ಪು ಹುಡುಕಿದೆ. ಒಂದೂ ಇಲ್ಲ. ತಪ್ಪೇ ಮಾಡದವರ ಜೊತೆ ಸಂಸಾರ ಕಷ್ಟ. ಇಂಟರ್ನೆಟ್ಟಿನ ಜಾಣರನ್ನು ಕೇಳಿದರೆ, ತಮ್ಮಲ್ಲಿ ಸರಿಯಾಗಿಯೇ ಇದೆ ಎಂದರು. ಸಿಟ್ಟಿಗೆ ಬೀರುವನ್ನು ಒದ್ದೆ. ಬೀರುವಿಗೆ ಏನೂ ಆಗಲಿಲ್ಲ. ಕುಂಟುತ್ತಿದ್ದ ನನ್ನನ್ನು ಕಂಡು ಗಂಡ, ಸರ್ವರಿಗೆ ವಿಭೂತಿ ಹಚ್ಚಿ ನೋಡು ಎಂದರು. ಬಂದ ಸಲಹೆಗಳಲ್ಲಿ ನಾನು ಮಾಡದೆ ಉಳಿಸಿದ್ದು ಅದೊಂದೇ.

ಮತ್ತೆ ಲಾಗ್ ನೋಡುವಾಗ ಹೊಳೆಯಿತು. ತಪ್ಪು ಮಾತ್ರವಲ್ಲ, ಆ ವಾರ ಸರ್ವರ್ ಒಳ್ಳೆಯದನ್ನೂ ಬರೆದಿರಲಿಲ್ಲ. ಇವತ್ತು ಯಾವ ತಾರೀಖು ಎಂದು ಅದನ್ನೇ ಕೇಳಿದೆ. ನನ್ನ ಮದುವೆಗೂ ಮುಂಚಿನ ಒಂದು ವರ್ಷ ಹೇಳಿತು. ಆ ವಾರದ ಮೊದಲಲ್ಲಿ, ಕರೆಂಟಿನವರ ತಿಂಗಳ ಶಟ್‌ಡೌನಿನಲ್ಲಿ, ಹಗಲಿಡೀ ಕರೆಂಟ್ ಹೋಗಿತ್ತು. ಒಳಗೆ ಗಡಿಯಾರ ಕಾಯುವ ಪುಟ್ಟ ಬ್ಯಾಟರಿ ಅದಕ್ಕೆ ಮೊದಲೇ ಸತ್ತಿತ್ತು. ಅಂದಿನಿಂದ ಹಾಕಿದ ಮಾತೆಲ್ಲ ಹಳೆಯ ತಾರೀಖು ಹೊತ್ತು ತಳಕ್ಕೆ ಇಳಿದಿತ್ತು, ಅಜ್ಜಿಗಿಂತಲೂ ಕೆಳಗೆ.

ಬೆರಳು ನೋಯುವ ತನಕ ಕೆಳಗೆ ಸರಿಸಿದೆ. ಅಜ್ಜಿ ಸಿಕ್ಕರು. ಅವರ ಕೆಳಗೆ ಅತ್ತೆ ಇದ್ದರು. ಅತ್ತೆಯ ಜೊತೆಗೆ ಚಿಕ್ಕತ್ತೆಯೂ ಇದ್ದರು. ದಿನಕ್ಕೊಮ್ಮೆ ತಾಯಿಯ ದನಿ ಕೇಳಲು ತಳದವರೆಗೂ ಹೋಗುವುದು ಚಿಕ್ಕತ್ತೆಯ ರೂಢಿಯೆಂದು ನಮಗೆ ತಿಳಿದದ್ದು ಆಮೇಲೆ.

“ಅಕ್ಕ, ಬತ್ತೀನಿ. ಯಾವತ್ತು ಅಂತ ಏಳು.”

“ಅಕ್ಕ, ಯಾಕೆ ಪದಿಲೇ ಇಲ್ಲ?”

“ಸೆರಿ ಅಕ್ಕ. ನಿಂಗೆ ಕೋವ ಇನ್ನೂ ಓಗಿಲ್ಲ. ನಾ ಬರಲ್ಲ ಬುಡು.”

ನನಗೆ ಅಳು ಬಂತು; ಅರ್ಧ ಅವರಿಬ್ಬರಿಗಾಗಿ, ಅರ್ಧ ಆ ಬ್ಯಾಟರಿಯ ಮೇಲಿನ ಸಿಟ್ಟಿಗೆ. ಮೂರನ್ನೂ ಅತ್ತೆಗೆ ಹಾಕಿ ಕೇಳಿಸಿದೆ. ಮೂರನೆಯದು ಮುಗಿಯುವ ಮುಂಚೆಯೇ, “ಫೋನ್ ಆಕು” ಎಂದರು.

ಆಪರೇಷನ್ನಿನ ಹಿಂದಿನ ದಿನ ಚಿಕ್ಕತ್ತೆ ಆಟೋದಿಂದ ಇಳಿದರು. ಹಳೆಯ ಸೀರೆಯಲ್ಲಿ ಸುತ್ತಿದ ಭಾರವೊಂದು ಸೊಂಟದ ಮೇಲಿತ್ತು. ಬಿಚ್ಚಿದರೆ ಅಜ್ಜಿಯ ರುಬ್ಬುಕಲ್ಲಿನ ಗುಂಡು. ಅತ್ತೆ ಅದನ್ನು ಕೈಯಿಂದ ಸವರಿ ನೋಡಿ, “ಒರಳು ಎಲ್ಲಿ?” ಎಂದರು.

“ಅದು ನಮ್ಮನೇಲೇ ಇರ್ತದೆ. ರುಬ್ಬಬೇಕು ಅಂದ್ರೆ ಗುಂಡು ಎತ್ಕೊಂಡು ನೀ ಬಾ.”