ಗೋಲ್‌ಕೀಪರನ ಅಪ್ಪ ನೀರು ಮುಟ್ಟಲಿಲ್ಲ

ಹೋದ ಸೀಸನ್ನಿನಲ್ಲಿ ನಮ್ಮ ಮನೆಯ ನೆಮ್ಮದಿಯೆಲ್ಲ ಮಾಲ್ಡೀವ್ಸ್ ದೇಶದ ಫುಟ್‌ಬಾಲ್ ಲೀಗಿನ ಕೈಗೆ ಹೋಗಿತ್ತು. ಹೀಗೆಂದರೆ ಗುಬ್ಬಿಯಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಕಡೆ ಆಟವೆಂದರೆ ಕ್ರಿಕೆಟ್ಟು, ಹೆಚ್ಚೆಂದರೆ ವಾಲಿಬಾಲು. ನನ್ನ ತಮ್ಮನೂ ವಾಲಿಬಾಲಿಗೆಂದೇ ಕ್ರೀಡಾ ಹಾಸ್ಟೆಲ್ ಸೇರಿದವನು. ಅಲ್ಲಿ ಅವನ ಎತ್ತರ, ಅಗಲವಾದ ಅಂಗೈ ನೋಡಿ ಯಾರೋ ಗೋಲಿನ ಮುಂದೆ ನಿಲ್ಲಿಸಿದರು. ನಿಂತವನು ನಿಂತೇಬಿಟ್ಟ. ಬೆಂಗಳೂರು, ಗೋವಾ, ಕೇರಳ ಅಂತ ಊರೂರು ಸುತ್ತಿ, ಮೂವತ್ತು ದಾಟಿ, ಇನ್ನು ಯಾರೂ ಕರೆಯುವುದಿಲ್ಲ ಎನ್ನುವ ಹೊತ್ತಿಗೆ ಆ ದ್ವೀಪದಿಂದ ಕರೆ ಬಂತು. ಅಲ್ಲಿನ ಅತಿ ದೊಡ್ಡ ಲೀಗು, ಆ ಲೀಗಿನ ಅತಿ ಬಡಪಾಯಿ ತಂಡ. ಒಪ್ಪಂದ ಒಂದೇ ಸೀಸನ್ನಿಗೆ. ತಂಡ ಲೀಗಿನಲ್ಲಿ ಉಳಿದರೆ ಇವನೂ ಉಳಿಯುತ್ತಾನೆ, ಕಡೆಯ ಸ್ಥಾನಕ್ಕೆ ಬಿದ್ದು ಕೆಳಗಿನ ದರ್ಜೆಗೆ ಇಳಿದರೆ ಇವನ ಆಟವೂ ಅಲ್ಲಿಗೆ ಮುಗಿಯುತ್ತದೆ. ಹೋಗುವಾಗ ಅವನೇ ಹೇಳಿದ್ದ, ಇದಾದ ಮೇಲೆ ಇನ್ನಿಲ್ಲ ಕಣಕ್ಕಾ ಅಂತ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಅಪ್ಪ ಖಾಸಗಿ ಬಸ್ಸಿನ ಡ್ರೈವರಾಗಿದ್ದವನು. ಸ್ಟೀರಿಂಗ್ ಹಿಡಿದಾಗಲೂ, ಜ್ವರ ಬಂದು ಮಲಗಿದಾಗಲೂ ಲಿಂಗವಿಟ್ಟ ಆ ಪುಟ್ಟ ಬೆಳ್ಳಿ ಕರಡಿಗೆ ಅವನ ಎದೆಯಿಂದ ಇಳಿದದ್ದನ್ನು ನಾನು ನೋಡಿಲ್ಲ. ತಮ್ಮ ಇಲ್ಲಿ ಆಡುವಾಗ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿದು ಕಟ್ಟಿಕೊಂಡು, ಮೇಲೆ ದಪ್ಪ ಬನಿಯನ್ ಹಾಕಿ ಹೇಗೋ ನಿಭಾಯಿಸಿದ್ದ. ಅಲ್ಲಿ ಮೊದಲ ಪಂದ್ಯಕ್ಕೇ ರೆಫ್ರಿ ತಡವಿ ನೋಡಿ ತೆಗೆಸಿದ. ಆಟಗಾರನ ಮೈಮೇಲೆ ಗಟ್ಟಿ ವಸ್ತು ಇರಬಾರದು ಎನ್ನುವುದು ಎಲ್ಲ ದೇಶದ ನಿಯಮ, ರೆಫ್ರಿಯದೇನೂ ತಪ್ಪಿಲ್ಲ. ತಪ್ಪು ನನ್ನ ತಮ್ಮನದು. ತೆಪ್ಪಗೆ ಇರುವುದು ಬಿಟ್ಟು ಆಟ ಮುಗಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ ಹೇಳಿಬಿಟ್ಟ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋನಿಟ್ಟು, ತುಂಬಾ ಹೊತ್ತು ಯೋಚಿಸಿ, ತನ್ನದೇ ಒಂದು ಕಟ್ಟಳೆ ಮಾಡಿಕೊಂಡ. ಮಗನ ಮೈಮೇಲೆ ಲಿಂಗ ಇಲ್ಲದಷ್ಟು ಹೊತ್ತು ತಾನು ತನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದೇವರಮನೆಯಲ್ಲಿ ಕೂರುವುದು, ಹನಿ ನೀರನ್ನೂ ಮುಟ್ಟದಿರುವುದು. ಅವನು ಮತ್ತೆ ಕಟ್ಟಿಕೊಂಡ ಎಂದು ಫೋನ್ ಬಂದ ಮೇಲೇ ಏಳುವುದು. ಮಗನಿಗೆ ಮಾತ್ರ, ಆಟ ಮುಗಿದು ಕಟ್ಟಿಕೊಂಡ ಕೂಡಲೇ ಒಂದು ಫೋನ್ ಮಾಡು ಎಂದಷ್ಟೇ ಹೇಳಿದ. ಯಾವ ಮಠದಲ್ಲೂ ಇಂಥ ನಿಯಮವಿಲ್ಲ ಎಂದು ನಾನು ವಾದ ಮಾಡಿದೆ. ಮಠದೋರು ಅವನನ್ನ ಹೆತ್ತಿಲ್ಲವಲ್ಲ ಎಂದು ನನ್ನ ಬಾಯಿ ಮುಚ್ಚಿಸಿದ.

ನಾನು ಕುಣಿಗಲ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಕೆಲಸ ಮಾಡುವವಳು, ಮನೆ ತುಮಕೂರಿನ ಮರಳೂರಿನಲ್ಲಿ. ಅಪ್ಪನ ಸಕ್ಕರೆ ಕಾಯಿಲೆಯ ರಕ್ತವನ್ನು ನಾನೇ ತೆಗೆದು ನಾನೇ ನೋಡುವುದು. ಇನ್ಸುಲಿನ್ ತಗೊಳ್ಳುವ ಮನುಷ್ಯ ಸಂಜೆಯ ಹೊತ್ತು ಏನೂ ತಿನ್ನದೆ ಕುಡಿಯದೆ ಕೂತರೆ ಏನಾಗಬಹುದು ಎಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ತಮ್ಮನಿಗೆ ತಿಳಿಸಿಬಿಡೋಣವೆಂದರೆ ಅವನ ಆಟ ಕೆಡುತ್ತದೆ. ಅವನಿಗೆ ಒಂದು ಮಾತೂ ಗೊತ್ತಾಗಕೂಡದು ಅಂತ ಅಮ್ಮನಿಂದ ಭಾಷೆ ತಗೊಂಡೆ. ಪಂದ್ಯವಿದ್ದ ಸಂಜೆಯೆಲ್ಲ ಕೆಲಸ ಬೇಗ ಮುಗಿಸಿ, ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಗುಬ್ಬಿಯ ಅಪ್ಪನ ಮನೆಗೆ ಓಡುತ್ತಿದ್ದೆ. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ, ಕೈಯಲ್ಲಿ ಮೊಬೈಲು. ಆ ದೇಶದಲ್ಲಿ ಎಲ್ಲ ತಂಡಗಳಿಗೂ ಸೇರಿ ರಾಜಧಾನಿಯಲ್ಲಿ ಒಂದೇ ಸ್ಟೇಡಿಯಂ. ಅದರ ಗೋಲಿನ ಹಿಂದಿನ ಗೋಡೆಯ ಬಣ್ಣ ಕೂಡ ನನಗೂ ಅಮ್ಮನಿಗೂ ಬಾಯಿಪಾಠವಾಯಿತು.

ಹಜಾರದಲ್ಲಿ ನಾನೂ ಅಮ್ಮನೂ ಮೊಬೈಲಿನಲ್ಲಿ ಅವನನ್ನು ನೋಡುವುದು, ಒಳಗೆ ಅಪ್ಪ ಮಗನಿಗಾಗಿ ಕೂರುವುದು. ಎರಡೂ ಕಡೆ ನನ್ನ ಕೈಲಿ ಆಗುವುದೇನೂ ಇರಲಿಲ್ಲ. ಒಳಗೆ ಇಣುಕಿದರೆ ಅಪ್ಪನ ಒಣಗಿದ ತುಟಿ, ಇತ್ತ ತಿರುಗಿದರೆ ಅಂಗೈಯಗಲದ ಪರದೆಯಲ್ಲಿ ಇರುವೆಯಷ್ಟಾದ ತಮ್ಮ.

ಅವನು ಚೆನ್ನಾಗಿಯೇ ತಡೆಯುತ್ತಿದ್ದ. ಕಣ್ಣಿಗೆ ಕುಕ್ಕುತ್ತಿದ್ದುದು ಬೇರೆ. ತಂಡ ಒಂದು ಗೋಲು ಮುಂದಿದ್ದು ಆಟ ಮುಗಿಯುತ್ತ ಬಂದಾಗ ಯಾವ ಗೋಲ್‌ಕೀಪರಾದರೂ ಬಾಲನ್ನು ಎದೆಗವಚಿಕೊಂಡು ಮಲಗುತ್ತಾನೆ, ಶೂ ಲೇಸ್ ಕಟ್ಟುತ್ತಾನೆ, ಹೇಗೋ ಹೊತ್ತು ಕಳೆಯುತ್ತಾನೆ. ಇವನು ಬಾಲು ಕೈಗೆ ಸಿಕ್ಕಿದ್ದೇ ತಡ, ಬಿಸಿ ಆಲೂಗಡ್ಡೆ ಮುಟ್ಟಿದವನ ಹಾಗೆ ಎಸೆದುಬಿಡುತ್ತಿದ್ದ. ಅಂಚಿನಲ್ಲಿ ನಿಂತ ಕೋಚ್ ನಿಧಾನ, ನಿಧಾನ ಎಂದು ಎರಡೂ ಕೈ ಒತ್ತಿ ಒತ್ತಿ ತೋರಿಸಿದರೂ ಇವನಿಗೆ ಲಕ್ಷ್ಯವಿಲ್ಲ. ಒಂದು ಪಂದ್ಯದಲ್ಲಿ ಹಾಗೆ ಅವಸರದಲ್ಲಿ ಎಸೆದದ್ದು ನೇರ ಎದುರಾಳಿಯ ಕಾಲಿಗೇ ಹೋಗಿ, ಗೆಲ್ಲುತ್ತಿದ್ದ ಆಟ ಸಮವಾಯಿತು. ಆಮೇಲೆ ಇನ್ನೊಂದರಲ್ಲೂ ಹಾಗೇ. ವಿಡಿಯೋ ಕೆಳಗೆ ಅಲ್ಲಿನ ಜನ ಏನೇನೋ ಬರೆಯುತ್ತಿದ್ದರು. ಆ ಲಿಪಿ ನನಗೆ ಬಾರದು, ಆದರೆ ನಗುವ ಮುಖಗಳ ಗೊಂಬೆ ಓದಲು ಲಿಪಿ ಬೇಕಿಲ್ಲ. ಇವನಿಗ್ಯಾವ ಬಸ್ಸು ಹೋಗ್ತದೆ ಅಂತ ಇಷ್ಟು ಅರ್ಜೆಂಟು ಎಂದು ಅಮ್ಮನ ಮೇಲೆ ರೇಗಿದೆ. ಅಮ್ಮ ಎದ್ದು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ ಬಂದಳು.

ಕಡೆಯ ಪಂದ್ಯಕ್ಕೆ ಬರುವಾಗ ಲೆಕ್ಕ ಸರಳವಾಗಿತ್ತು. ಸಮ ಮಾಡಿಕೊಂಡರೆ ಉಳಿಯುತ್ತಾರೆ, ಸೋತರೆ ಇಳಿಯುತ್ತಾರೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿದೆ. ಹ್ಞೂಂ ಅಂದ. ಅವನಿಗೆ ಲೀಗೆಂದರೆ ಬಸ್ಸಿನ ಟ್ರಿಪ್ಪು, ಇವತ್ತಿನದು ಆದರೆ ನಾಳೆ ಇನ್ನೊಂದು ಇದ್ದೇ ಇರುತ್ತದೆ. ನನ್ನ ಮಾತು ಎಷ್ಟು ಕಿವಿಗೆ ಬಿತ್ತೋ ಗೊತ್ತಿಲ್ಲ.

ಅರ್ಧ ಆಟದಲ್ಲಿ ಅಲ್ಲಿ ಮಳೆ ಹುಯ್ಯಿತು. ಮೈದಾನ ಕೆರೆಯಾಗಿ ಆಟ ನಿಂತಿತು. ಎಲ್ಲರನ್ನೂ ಒಳಗೆ ಕಳಿಸಿದರು, ಆಟ ಮುಗಿಯುವ ತನಕ ಆಟಗಾರರ ಕೈಗೆ ಫೋನ್ ಕೊಡುವುದಿಲ್ಲ, ಪರದೆಯಲ್ಲಿ ಬರೀ ನೀರು. ನಮ್ಮ ದೇವರಮನೆಯಲ್ಲಿ ಮಾತ್ರ ಒಂದು ಲೋಟ ನೀರು ಇಳಿಯುವಂತಿಲ್ಲ. ಅಪ್ಪನ ಹಣೆ ಬೆವರಿತ್ತು, ಅಂಗೈ ಸಣ್ಣಗೆ ನಡುಗುತ್ತಿತ್ತು. ಗ್ಲೂಕೋಸ್ ನೀರನ್ನು ತುಟಿಯ ಹತ್ತಿರ ಹಿಡಿದು, ಬೇಡಿಕೊಂಡೆ, ಗದರಿಸಿದೆ, ಅತ್ತೆ. ಅವನು ತಲೆ ಅಲ್ಲಾಡಿಸಿದ, ಅಷ್ಟೆ. ಎಷ್ಟು ಓದಿ ಏನು ಬಂತು ಅನ್ನಿಸಿತು.

ಕೊನೆಗೂ ಆಟ ಶುರುವಾಯಿತು. ಎರಡೂ ಕಡೆ ಗೋಲಿಲ್ಲ. ಹೆಚ್ಚುವರಿ ಸಮಯದ ಬೋರ್ಡು ಮೇಲೆದ್ದಿತು. ಬಾಲು ಗೆರೆ ದಾಟಿ ಹೊರಗೆ ಹೋಗಿ, ಒದೆಯುವ ಸರದಿ ನಮ್ಮವನದಾಯಿತು. ನಡೆದುಕೊಂಡು ಹೋಗಿ, ಒದ್ದೆ ನೆಲದಲ್ಲಿ ಜಾಗ ಹುಡುಕಿ, ಗ್ಲೌಸ್ ಸರಿಮಾಡಿಕೊಂಡು ಒದ್ದಿದ್ದರೆ ಆಟ ಮುಗಿದೇಹೋಗುತ್ತಿತ್ತು. ಅವನು ಓಡಿದ. ಬಾಲು ಇಟ್ಟ, ಒದ್ದ, ಜಾರಿದ. ಬಾಲು ಕುಂಟಿಕೊಂಡು ಹೋಗಿ ಎದುರಾಳಿಯ ಕಾಲಿಗೆ ಸಿಕ್ಕಿತು. ಅವನು ಅದನ್ನು ಖಾಲಿ ಗೋಲಿನೊಳಗೆ ತಳ್ಳಿದ. ತಮ್ಮ ಮೊಣಕಾಲೂರಿ ಹಾಗೇ ಕೂತಿದ್ದ. ನಾನು ಮೊಬೈಲನ್ನು ಬೋರಲು ಹಾಕಿದೆ. ಸಿಟ್ಟು ಅವನ ಮೇಲೋ ಅಪ್ಪನ ಮೇಲೋ ತಿಳಿಯಲಿಲ್ಲ.

ಫೋನ್ ಬರಲು ತಡವಾಗಲಿಲ್ಲ. ಸ್ಪೀಕರಿಗೆ ಹಾಕಿದೆ.

"ಕಟ್ಕೊಂಡೆ ಕಣಕ್ಕಾ. ಮೊದ್ಲು ಅಪ್ಪಂಗೆ ನೀರ್ ಕೊಡು."

ಗೋಲಿನ ಸುದ್ದಿಯಿಲ್ಲ, ಸೋಲಿನ ಸುದ್ದಿಯಿಲ್ಲ. ಅಪ್ಪ ನೀರು ಮುಟ್ಟಲ್ಲ ಅಂತ ನಿಂಗ್ಯಾರು ಹೇಳಿದ್ದು ಅಂದೆ. ಅಮ್ಮ ಸೆರಗು ಬಾಯಿಗೆ ಹಿಡಿದು ಗೋಡೆ ಕಡೆ ತಿರುಗಿಕೊಂಡಳು. ಮೊದಲ ವಾರವೇ ತಡೆಯಲಾರದೆ ಮಗನ ಹತ್ತಿರ ಹೇಳಿಕೊಂಡು ಅತ್ತಿದ್ದಳಂತೆ. ಅದಕ್ಕೇನಾ ನೀನು ಹಂಗೆ ಅವಸರ ಬೀಳ್ತಿದ್ದಿದ್ದು ಎಂದು ಕೇಳಿದೆ.

"ನಿಧಾನ ಮಾಡುದ್ರೆ ರೆಫ್ರಿ ಟೈಮ್ ಜಾಸ್ತಿ ಕೊಡ್ತಾನೆ ಕಣಕ್ಕಾ. ಅಷ್ಟೊತ್ತೂ ಅಪ್ಪ ಹಂಗೇ ಕೂತಿರ್ಬೇಕಲ್ಲ."

ಹಿಂದಿನಿಂದ ಯಾರೋ ಅವನನ್ನು ಕರೆದರು. ಆಮೇಲೆ ಮಾಡ್ತೀನಿ ಎಂದು ಇಟ್ಟ.

ತಿರುಗಿ ನೋಡಿದರೆ ಅಪ್ಪ ದೇವರಮನೆ ಬಾಗಿಲು ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನನ್ನ ಕೈಯಿಂದ ಲೋಟ ತಗೊಂಡು, ಒಂದೇ ಉಸಿರಿಗೆ ಕುಡಿದು, ನನ್ನ ಪಕ್ಕ ಬಂದು ಕೂತ. ಟವೆಲಿನ ತುದಿಯಿಂದ ಬಾಯಿ ಒರೆಸಿಕೊಂಡ.

"ಮುಂದ್ಲ ಮ್ಯಾಚ್‌ಗೆ ನಾನು ಊಟ ಮಾಡ್ಕಂಡು, ನೀರು ಕುಡ್ಕಂಡೇ ಕೂತಿರ್ತೀನಂತೆ ಅಂತ ಹೇಳ್ಬುಡು ಅವ್ನಿಗೆ. ನಿಧಾನಕ್ಕೆ ಆಡ್ಲಿ. ಯಾವತ್ತದು ಮ್ಯಾಚು?"

ಇನ್ನು ಮ್ಯಾಚಿಲ್ಲ ಎನ್ನುವ ಬದಲು ನಾನು ಅವನ ಕೈಯಿಂದ ಲೋಟ ತಗೊಂಡು ಇನ್ನಷ್ಟು ನೀರು ತರಲು ಎದ್ದೆ.