ಸಾಲಿನ ಕೊನೆಯ ಬಿಕ್ಕಳಿಕೆ

ನವೆಂಬರ್ ತಿಂಗಳ ಕೊನೆಯ ಶನಿವಾರ, ಬೆಳಗಿನ ಐದೂವರೆ. ಹಾಜರಿದ್ದವರು: ಅಕ್ಕ ಮತ್ತು ನಾನು. ಮೇಜಿನ ಮೇಲೆ ಅಂಗೈಯಗಲದ ಒಂದು ಹೊಸ ಕಂಪ್ಯೂಟರ್, ಇನ್ನೂ ಮಾತು ಬಾರದ್ದು.

ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಳಿ ಬದಲಾಗುವಾಗ ಹೀಗೇ ಬರೆದಿಡಬೇಕಿತ್ತು. ತಾರೀಖು, ಹೊತ್ತು, ಇದ್ದವರು ಯಾರು. ಕೊನೆಯಲ್ಲಿ, ಮುಗಿಸಿದ ಕೆಲಸ. ಅರ್ಧಕ್ಕೆ ನಿಂತ ಕೆಲಸವನ್ನು ಕೊನೆಯ ಸಾಲಾಗಿ ಬರೆಯುವಂತಿರಲಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ನನಗೆ ದಿನವನ್ನು ಬೇರೆ ರೀತಿ ಶುರುಮಾಡಲು ಬರುವುದಿಲ್ಲ. ಎದ್ದ ಕೂಡಲೇ ಹಾಸಿಗೆ ಮಡಚಬೇಕು, ಬಾವಿಯ ಪಂಪು ಹಾಕಬೇಕು, ಚಹಾ ಆಗುವುದರೊಳಗೆ ಆ ದಿನದ ಕೆಲಸ ಗೊತ್ತಿರಬೇಕು.

ಆ ದಿನದ ಕೆಲಸ ಅಕ್ಕನಿಗೆ ಅವಳ ದನಿಯನ್ನು ತಿರುಗಿ ಕೊಡುವುದು.

ಅಕ್ಕ ಕುಮಟೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನಿವೃತ್ತಿಯಾದ ಮೇಲೆ ಅವಳ ಕಣ್ಣಿನ ನರ ಒಣಗುತ್ತ ಬಂತು. ಈಗ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದಷ್ಟೇ ಗೊತ್ತಾಗುತ್ತದೆ. ಹಳದೀಪುರದ ಈ ಮನೆಯಲ್ಲಿ ನಾವಿಬ್ಬರೇ. ಕಣ್ಣು ಹೋದರೂ ಅವಳು ಕೆಲಸ ಬಿಡಲಿಲ್ಲ. ಕುಮಟೆಯ ಒಂದು ಸಣ್ಣ ಪ್ರೆಸ್ಸಿಗೆ ಕರಡು ತಿದ್ದುವುದು ಅವಳ ಕೆಲಸ. ಪ್ರೆಸ್ಸಿನ ಮಾಲಕ ಅವಳ ಹಳೆಯ ವಿದ್ಯಾರ್ಥಿ. ಅವನು ಪುಟಗಳ ಅಕ್ಷರವನ್ನು ಕಂಪ್ಯೂಟರಿಗೆ ಕಳಿಸುತ್ತಾನೆ, ಕಂಪ್ಯೂಟರು ಓದುತ್ತದೆ, ಅಕ್ಕ ಕೇಳುತ್ತ ತಪ್ಪು ಹಿಡಿದು ಪುಟ, ಸಾಲು ಹೇಳುತ್ತಾಳೆ, ನಾನು ಬರೆದು ಕಳಿಸುತ್ತೇನೆ.

ಓದುವ ಪ್ರೋಗ್ರಾಮು ಬಹಳ ಹಳೆಯದು. ಯಾವುದೋ ಕಾಲೇಜಿನ ಹುಡುಗರು ಬರೆದು, ಪರೀಕ್ಷೆ ಮುಗಿದ ಮೇಲೆ ಬಿಟ್ಟುಹೋದದ್ದು. ಅದರ ದನಿ ತಗಡಿನ ಡಬ್ಬಿಯೊಳಗೆ ಕೂತ ಗಂಡಸಿನದು. ಸಾಲದ್ದಕ್ಕೆ ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಬಿಕ್ಕಳಿಕೆ. ಮನೆಗೆ ಬಂದವರು ಕೇಳಿ ನಗುತ್ತಿದ್ದರು. ಆದರೆ ಅದನ್ನು ಮೂರು ಪಟ್ಟು ಓಡಿಸಿದರೂ ಅಕ್ಷರ ಅಕ್ಷರಕ್ಕೆ ಅಂಟುತ್ತಿರಲಿಲ್ಲ. ನನ್ನ ಕಿವಿಗೆ ಅದು ತೆಂಗಿನ ಗರಿ ಉಜ್ಜಿದ ಸದ್ದು. ಅಕ್ಕನಿಗೆ ಅದು ಸ್ಪಷ್ಟ ಕನ್ನಡ.

ಆ ತಿಂಗಳ ಮೊದಲಲ್ಲಿ ಹಳೆಯ ಕಂಪ್ಯೂಟರ್ ಸತ್ತಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಫ್ಯಾನು ವರ್ಷಗಟ್ಟಲೆ ಸಮುದ್ರದ ಉಪ್ಪು ಗಾಳಿಯನ್ನು ಒಳಗೆ ಎಳೆದು ತಿನ್ನಿಸಿತ್ತು. ಭಟ್ಕಳದ ಅಂಗಡಿಯವರು ಹೊಸದನ್ನು ಕೊಟ್ಟರು. ಫ್ಯಾನೇ ಇಲ್ಲ ಅಮ್ಮಾ, ಉಪ್ಪು ಒಳಗೆ ಹೋಗೋ ಸವಾಲೇ ಇಲ್ಲ ಎಂದರು. ಹಾಗೆಯೇ, ಇದರಲ್ಲಿ ಹಳೆಯ ಪ್ರೋಗ್ರಾಮುಗಳು ನಡೆಯಲಿಕ್ಕಿಲ್ಲ ಎಂದೂ ಹೇಳಿದರು. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ದುಡ್ಡು ಕೊಟ್ಟು ಬಸ್ಸು ಹತ್ತಿದೆ.

ಎಕ್ಸ್‌ಚೇಂಜಿಗೆ ಬಿಲ್ಲಿನ ಕಂಪ್ಯೂಟರ್ ಬಂದಾಗ ಇಲಾಖೆ ನನ್ನನ್ನು ತರಬೇತಿಗೆ ಕಳಿಸಿತ್ತು. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುವುದನ್ನು ಅಲ್ಲಿ ಕಲಿತೆ. ಈ ಹೊಸ ಯಂತ್ರವನ್ನು ನಡೆಸುವ ಲಿನಕ್ಸ್ ಅದೇ ವಂಶದ್ದು, ನನಗೆ ಹೊಸದೆನಿಸಲಿಲ್ಲ. ಅಂತರಜಾಲದ ಒಂದು ಚರ್ಚಾಕೂಟದಲ್ಲಿ ಈ ಪ್ರೋಗ್ರಾಮನ್ನು ಹೊಸ ಲಿನಕ್ಸಿಗೆ ತರುವುದು ಹೇಗೆಂದು ಕೇಳಿದ್ದೆ. ಯಾರೋ ಒಬ್ಬರು ಉತ್ತರ ಬರೆದಿದ್ದರು: ಇದು ಸತ್ತ ಪ್ರೋಗ್ರಾಮು, ಹೊಸ ದನಿಗಳನ್ನು ಬಳಸಿ, ಸಮಯ ಹಾಳುಮಾಡಬೇಡಿ. ಅದರ ಮೂಲ ಬರಹ ನನ್ನ ಹತ್ತಿರ ಇತ್ತು, ಅದನ್ನು ಕೇಳುವವಳು ಪಕ್ಕದ ಕೋಣೆಯಲ್ಲಿದ್ದಳು. ಸತ್ತದ್ದು ಹೇಗಾಯಿತು? ಉತ್ತರ ಬರೆಯಲಿಲ್ಲ. ಕೆಲಸ ಇತ್ತು.

ಅಂದು ಗಡುವೂ ಇತ್ತು. ಕಾಯ್ಕಿಣಿಯ ಒಬ್ಬ ಅಜ್ಜಿ ನೆಟ್ಟಿಯ ಗದ್ದೆಯಲ್ಲಿ ಸಸಿ ನೆಡುತ್ತ ಹಾಡುವ ಹಾಡುಗಳ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಕರಡು ಬಂದು ಎರಡು ವಾರವಾಗಿತ್ತು. ಸಂಜೆ ಆರರೊಳಗೆ ತಿದ್ದುಪಡಿ ಬರದಿದ್ದರೆ ತನ್ನ ಸೊಸೆ ಫೋನಿನಲ್ಲೇ ಇರುವ ಓದುವ ದನಿಯಿಂದ ಓದಿಸಿ ಮುಗಿಸುತ್ತಾಳೆ ಎಂದು ಮಾಲಕ ಹೇಳಿದ್ದ. ಅಕ್ಕೋರಿಗೆ ಇನ್ನು ಯಾಕೆ ತ್ರಾಸು ಎಂದು ಮೆತ್ತಗೆ ಸೇರಿಸಿದ್ದ. ಇದೊಂದು ಕೈತಪ್ಪಿದರೆ ಮುಂದಿನದೂ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಗಿತ್ತು. ಅಕ್ಕ ಎರಡು ದಿನ ಊಟ ಕಡಿಮೆ ಮಾಡಿದಳು.

ಫೋನಿನ ದನಿಯನ್ನು ಅವಳು ಪರೀಕ್ಷಿಸಿ ನೋಡದೆ ಬಿಟ್ಟದ್ದಲ್ಲ. ಹೆಣ್ಣು ದನಿ, ಒಳ್ಳೆಯ ಉಚ್ಚಾರ. ವೇಗ ಹೆಚ್ಚಿಸಿದ ಕೂಡಲೇ ಪಾಕವಾಗಿ ಹರಿಯುತ್ತದೆ. ನೆಟ್‌ವರ್ಕ್ ಹೋದರೆ ಅದೂ ಇಲ್ಲ.

ಚಹಾ ಮುಗಿಸಿ ಕೂತೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಆ ಕೆಲಸ ಮಾಡುವ ಕಂಪೈಲರ್ ಹಿಂದೆ ಉದಾರಿಯಾಗಿತ್ತು. ಸಣ್ಣಪುಟ್ಟ ಲೋಪಕ್ಕೆ ಎಚ್ಚರಿಕೆ ಕೊಟ್ಟು ಮುಂದೆ ಬಿಡುತ್ತಿತ್ತು. ಈಗಿನದು ಬಿಡುವುದಿಲ್ಲ. ಮೊದಲಿಗೆ ಈ ಹೊಸ ಜಾತಿಯ ಯಂತ್ರ ಯಾವುದೆಂದೇ ಹಳೆಯ ಪ್ರೋಗ್ರಾಮಿಗೆ ಗುರುತು ಸಿಗಲಿಲ್ಲ. ಗುರುತಿಸುವ ಕಡತದ ಹೊಸ ಪ್ರತಿ ತಂದು ಹಾಕಿದೆ. ಆಮೇಲೆ ಪರದೆ ತುಂಬ ದೋಷಗಳು. ಒಂದೊಂದಾಗಿ ತೆಗೆದೆ. ನನಗೆ ಅದು ಎಕ್ಸ್‌ಚೇಂಜಿನ ಬೆಳಗಿನ ಲೈನ್ ಪರೀಕ್ಷೆಯಂತೆ; ಮೊದಲನೆಯದು ಸರಿಯಾಗದೆ ಎರಡನೆಯದಕ್ಕೆ ಕೈ ಹಾಕುವುದಿಲ್ಲ.

ತಿಂಡಿಗೆ ತೆಳ್ಳೇವು ದೋಸೆ ತಿನ್ನುವ ಹೊತ್ತಿಗೆ ಕಂಪೈಲ್ ಆಯಿತು. ಒಂದು ಪುಟ ಓದಿಸಿದೆ. ಕಾದ ಎಣ್ಣೆಗೆ ಒದ್ದೆ ಮೀನು ಬಿದ್ದಂಥ ಸದ್ದು ಬಂತು.

ಅಕ್ಕ ಒಳಗಿನಿಂದಲೇ ಕೇಳಿದಳು. "ಎಂತ ಹುರೀತಿದ್ಯೆ ಬೆಳಗಾ ಮುಂಚೆ?"

"ನಿನ್ನ ಗಂಡಸನ್ನ."

"ಹದಾ ಬೆಂದಿಲ್ಲ. ಇನ್ನೂ ಸ್ವಲ್ಪ ಇಡು."

ಹುಡುಕಿದೆ. ದನಿಯೆಂದರೆ ಸೊನ್ನೆಯ ಮೇಲೆ, ಕೆಳಗೆ ಏರಿಳಿಯುವ ಅಲೆ. ಹಳೆಯ ಯಂತ್ರದಲ್ಲಿ ಆ ಅಲೆಯನ್ನು ಹಿಡಿದಿಡುವ ಸಂಖ್ಯೆ ಸೊನ್ನೆಯ ಕೆಳಗೂ ಹೋಗುತ್ತಿತ್ತು. ಈ ಯಂತ್ರ ಅದೇ ಸಂಖ್ಯೆಯನ್ನು ಸೊನ್ನೆಯಿಂದ ಮೇಲಕ್ಕೆ ಮಾತ್ರ ಎಣಿಸುತ್ತದೆ. ಹಾಗಾಗಿ ಅಲೆಯ ಕೆಳಗಿನ ಅರ್ಧ ಎಲ್ಲೆಲ್ಲಿಗೋ ಹಾರಿ ದನಿ ಚೂರಾಗಿತ್ತು. ಹಳೆಯ ಪದ್ಧತಿಯಲ್ಲೇ ಎಣಿಸು ಎಂದು ಕಂಪೈಲರಿಗೆ ಹೇಳುವ ಒಂದು ಸೂಚನೆ ಇದೆ. ಅದನ್ನು ಸೇರಿಸಿ ಇನ್ನೊಮ್ಮೆ ಕಂಪೈಲ್ ಮಾಡಿದೆ. ತಗಡಿನ ಡಬ್ಬಿಯ ಗಂಡಸು ಎದ್ದು ಕೂತ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮೂಲ ಬರಹದಲ್ಲಿ ಆ ಬಿಕ್ಕಳಿಕೆಯ ಜಾಗ ಕಣ್ಣಿಗೆ ಬಿತ್ತು. ಸಾಲು ಮುಗಿದಲ್ಲೆಲ್ಲ ದನಿಯನ್ನು ಥಟ್ಟನೆ ಕಡಿದು ಒಂದು ತುಣುಕು ಮೌನ ತುರುಕುವ ಎರಡು ಸಾಲು. ಬರೆದ ಹುಡುಗ ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತದ್ದು. ಕೊಳಕು ಕೆಲಸ ನನ್ನಿಂದ ನೋಡಲಾಗುವುದಿಲ್ಲ. ಅಳಿಸಿದೆ. ಈಗ ದನಿ ನಯವಾಗಿ ಓದಿತು. ಅಕ್ಕನಿಗೆ ಹೇಳಲಿಲ್ಲ, ಕೇಳಿ ತಾನೇ ಖುಷಿಪಡಲಿ ಎಂದು.

ಪ್ಯಾಕೇಜನ್ನೂ ಕಟ್ಟಿದೆ. ಬರೀ ಕಂಪೈಲ್ ಮಾಡಿ ಬಿಟ್ಟರೆ ಮುಂದೊಂದು ದಿನ ಲಿನಕ್ಸ್ ಹೊಸದಾಗುವಾಗ ಈ ಪ್ರೋಗ್ರಾಮು ದಿಕ್ಕಿಲ್ಲದೆ ಮುರಿದುಬೀಳುತ್ತದೆ. ಪ್ಯಾಕೇಜು ಎಂದರೆ ಚೀಟಿ ಅಂಟಿಸಿದ ಗಂಟು: ಒಳಗೆ ಏನಿದೆ, ಎಲ್ಲಿಡಬೇಕು, ಇದಕ್ಕೆ ಬೇರೇನು ಬೇಕು, ಜವಾಬ್ದಾರಿ ಯಾರದು. ಜವಾಬ್ದಾರಿಯ ಜಾಗದಲ್ಲಿ ಆ ಹುಡುಗರ ಹೆಸರಿತ್ತು. ಅದನ್ನು ಮೂಲ ಲೇಖಕರ ಜಾಗಕ್ಕೆ ಸರಿಸಿ ಇಲ್ಲಿ ನನ್ನ ಹೆಸರು ಹಾಕಿದೆ.

ಊಟದ ನಂತರ ಅಕ್ಕ ಕೂತಳು. ದನಿಗೆ ಕಿವಿಕೊಟ್ಟು ವೇಗ ಏರಿಸಿದಳು. ಮುಖ ಸಡಿಲವಾಯಿತು. ನಾನು ಪೆನ್ನು ಹಿಡಿದು ಕಾದೆ.

ಎರಡು ಪುಟ ಹೋದರೂ ಅವಳು ಒಂದು ತಪ್ಪನ್ನೂ ಹೇಳಲಿಲ್ಲ. ನಾನು ಅವಳ ಕೈ ನೋಡಿದೆ. ಕೇಳುವಾಗ ಅವಳ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಸರಿಯುತ್ತಿರುತ್ತದೆ. ಇಷ್ಟು ವರ್ಷ ಅದನ್ನು ಜಪ ಎಂದುಕೊಂಡಿದ್ದೆ. ಕೆಲಸದ ನಡುವೆಯೂ ದೇವರನ್ನು ಬಿಡುವುದಿಲ್ಲವಲ್ಲ ಎಂದು ಒಳಗೊಳಗೇ ನಕ್ಕದ್ದೂ ಇದೆ. ಅಂದು ಹೆಬ್ಬೆರಳು ಕಿರುಬೆರಳಿನ ಬುಡದಲ್ಲೇ ಕೂತಿತ್ತು, ಹೊರಡಲೇ ಇಲ್ಲ.

ಅಕ್ಕ ನಿಲ್ಲಿಸಿದಳು.

"ಎಂತ ಮಾಡಿದ್ಯೆ ಇದಕ್ಕೆ?"

"ಸರಿ ಮಾಡಿದ್ದು. ಆ ಬಿಕ್ಕಳಿಕೆ ತೆಗೆದೆ."

"ತೆಗಿ ಅಂದವರು ಯಾರು?"

ನಾನು ಅದು ದೋಷವೆಂದು ವಿವರಿಸಲು ಹೊರಟೆ. ಅವಳು ಕೈ ಎತ್ತಿ ತಡೆದಳು, ಹಿಂದಿನ ಬೆಂಚಿನವರನ್ನು ತಡೆಯುವ ಹಾಗೆ.

"ಹೈವೇದ ಕಿಲೋಮೀಟರ್ ಕಲ್ಲೆಲ್ಲಾ ಕಿತ್ತಾಕಿ, ರಸ್ತೆ ಚಂದ ಆತು ಅಂದಂಗಾತು ನಿಂದು. ಇದು ಎಷ್ಟನೇ ಸಾಲು ಅಂತ ನಂಗೆ ಹೇಳುದು ಯಾರು? ನೀನೋ?"

ಪುಟ, ಸಾಲು ಎಂದು ಅವಳು ಹೇಳುತ್ತಿದ್ದದ್ದು ಆ ಬಿಕ್ಕಳಿಕೆಯನ್ನು ಗೆಣ್ಣಿನ ಮೇಲೆ ಎಣಿಸಿಯೇ. ನಾನು ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದೆ, ಅವಳಿಗೆ ಸಾಲು ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೇಳದೆ ತಂತಿ ಮುಟ್ಟಿದ ಲೈನ್‌ಮನ್‌ಗಳಿಗೆ ಮೆಮೊ ಕೊಡಿಸಿದವಳು ನಾನು.

ಅಷ್ಟರಲ್ಲಿ ಫೋನ್ ಬಂತು. ಪ್ರೆಸ್ಸಿನ ಮಾಲಕ. ನಾನು ಪಾಠ ಮಾಡಿದವಳೇ ಅಲ್ಲ, ಆದರೂ ಅವನಿಗೆ ನಾನು ಸಣ್ಣಕ್ಕೋರು. ಸೊಸೆ ಪುಸ್ತಕ ಪೂರ್ತಿ ಫೋನಿನಲ್ಲಿ ಓದಿಸಿ ಆಯಿತು, ದೊಡ್ಡ ತಪ್ಪೇನೂ ಕಾಣಲಿಲ್ಲ, ಇದೊಂದನ್ನು ತಾವೇ ಮುಗಿಸುತ್ತೇವೆ, ಮುಂದಿನದು ಮುಂದೆ ನೋಡುವ ಎಂದ. ಅಕ್ಕ ಕೈ ಚಾಚಿದಳು, ಫೋನ್ ಕೊಟ್ಟೆ.

"ಆರು ಗಂಟೆ ಅಂದಿದ್ಯಲ. ಆರು ಆತಾ?"

ಇಲ್ಲ ಅಕ್ಕೋರೆ ಎಂದದ್ದು ನನಗೂ ಕೇಳಿಸಿತು.

"ಹಂಗಾರೆ ಇಡು."

ಇಟ್ಟಳು. ನನ್ನ ಕಡೆ ತಿರುಗಿ ಒಂದೇ ಮಾತು: "ಬಿಕ್ಕಳಿಕೆ."

ಅಳಿಸಿದ ಎರಡು ಸಾಲು ಮತ್ತೆ ಹಾಕಿದೆ. ಪುಣ್ಯಕ್ಕೆ ಮೂಲದ ಪ್ರತಿ ಬೇರೆ ಇತ್ತು. ಪ್ರತಿ ಇಡದೆ ನಾನು ಏನನ್ನೂ ಮುಟ್ಟುವುದಿಲ್ಲ. ಪುನಃ ಕಂಪೈಲ್, ಪುನಃ ಪ್ಯಾಕೇಜು. ಆ ಅಂಗೈಯಗಲದ ಯಂತ್ರ ಅವಸರ ಮಾಡುವ ಪೈಕಿ ಅಲ್ಲ. ಅದು ಕೆಲಸ ಮಾಡುವಷ್ಟು ಹೊತ್ತು ನಾವಿಬ್ಬರೂ ಎದುರುಬದುರು ಕಾದೆವು. ಹೆದ್ದಾರಿಯಲ್ಲಿ ಕುಮಟೆಯ ಬಸ್ಸು ಹೋಯಿತು, ಸ್ವಲ್ಪ ಹೊತ್ತಿಗೆ ಹೊನ್ನಾವರದ್ದೂ ಹೋಯಿತು.

ಮತ್ತೆ ದನಿ ಶುರುವಾದಾಗ ಮೊದಲ ಸಾಲಿನ ಕೊನೆಗೆ ಗಂಡಸು ಬಿಕ್ಕಳಿಸಿದ. ಅಕ್ಕನ ಹೆಬ್ಬೆರಳು ಕಿರುಬೆರಳಿನ ಬುಡ ಬಿಟ್ಟು ಮೇಲಿನ ಗೆಣ್ಣಿಗೆ ಏರಿತು.

ಆಮೇಲೆ ನನಗೆ ತಲೆ ಎತ್ತಲು ಬಿಡುವಿರಲಿಲ್ಲ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ನಡುವೆ ಒಂದು ಹಾಡಿನಲ್ಲಿ ತಡೆದಳು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿದಳು.

"ಇಲ್ಲೊಂದು ಸಾಲು ಇಲ್ಲ. ಮೊದಲಿನ ನುಡಿಲೆಲ್ಲ ನಾಲ್ಕು. ಇದರಲ್ಲಿ ನನ್ನ ಬೆರಳು ಮೂರಕ್ಕೇ ನಿಂತಿತು. ಅರ್ಥಕ್ಕೇನೂ ಅಡ್ಡಿ ಇಲ್ಲ, ಓದಿದವರಿಗೆ ಗೊತ್ತಾಗೂದಿಲ್ಲ. ಆದ್ರೆ ಅಜ್ಜಿ ಹಾಡಿರ್ತಾಳೆ. ಬರಿ."

ಬರೆದೆ. ಆರಕ್ಕೆ ಇನ್ನೂ ಕಾಲುಗಂಟೆ ಇರುವಾಗ ತಿದ್ದುಪಡಿ ಕುಮಟೆಗೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಮಾಲಕನ ಫೋನ್. ಈ ಸಲ ನೇರ ಅಕ್ಕನನ್ನೇ ಕೇಳಿದ. ಕಾಯ್ಕಿಣಿಗೆ ಫೋನ್ ಮಾಡಿದ್ದನಂತೆ. ಅಜ್ಜಿ ಆ ನುಡಿಯನ್ನು ಮೊದಲಿಂದ ಹಾಡಿ, ಬಿಟ್ಟುಹೋದ ಸಾಲು ಬಂದ ಕೂಡಲೇ ನಿಲ್ಲಿಸಿ, ಇದನ್ನು ಎಲ್ಲಿ ಬಿಟ್ರಿ ಎಂದು ಬೈದರಂತೆ. ಮುಂದಿನ ಪುಸ್ತಕದ ಕರಡು ಮಂಗಳವಾರ ಕಳಿಸುತ್ತೇನೆ ಎಂದ. ಅಕ್ಕ ಆತು ಎಂದಳು. ಫೋನ್ ಇಡುವ ಮುಂಚೆ ಇನ್ನೊಂದು ಹೇಳಿದಳು.

"ನಿನ್ನ ಸೊಸೆ ಈ ಕೆಲಸ ಕಲಿಯೂದಾದ್ರೆ ಇಲ್ಲಿಗೆ ಬಪ್ಪುಕೆ ಹೇಳು. ಫೋನ್ ಮನೇಲಿಟ್ಟು ಬರ್ಲಿ."

ಊಟವಾದ ಮೇಲೆ ನಾನು ಪ್ಯಾಕೇಜಿನ ವಿವರಣೆಯಲ್ಲಿ ಒಂದು ಸಾಲು ಸೇರಿಸಿದೆ, ನನ್ನ ನಂತರ ಇದನ್ನು ಬಿಚ್ಚುವವರು ಯಾರೇ ಇರಲಿ, ಅವರು ಓದಲಿ ಎಂದು: ಸಾಲಿನ ಕೊನೆಯ ಬಿಕ್ಕಳಿಕೆ ದೋಷವಲ್ಲ, ಇದನ್ನು ಕೇಳಿ ಕೆಲಸ ಮಾಡುವವರಿದ್ದಾರೆ, ತೆಗೆಯಕೂಡದು. ಚರ್ಚಾಕೂಟದಲ್ಲಿ ಆ ಉತ್ತರದ ಕೆಳಗೆ ಪ್ಯಾಕೇಜನ್ನು ಇಟ್ಟು, ನಡೆಯುತ್ತಿದೆ ಎಂದಷ್ಟೇ ಬರೆದೆ. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ, ಉಪ್ಪು ಗಾಳಿ ತಾಗದ ಹಾಗೆ ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಬಿಗಿದೆ. ಅಂದು ಮುಗಿಸಿದ ಕೊನೆಯ ಕೆಲಸ ಅದು.